ಹಗುರ ಕಾರಿಗೆ ಎಷ್ಟು ಹಗುರದ ಫ್ಲೈವೀಲ್?

ಕೊಂಡಜ್ಜಿಯ ಸುತ್ತಲಿನ ಒಕ್ಕಲು ಮನೆತನಗಳ ಶರಣ ಬಂಧುಗಳಿಗೆ ಡೀಸೆಲ್ ಪಂಪ್‌ಸೆಟ್ಟಿನ ಭಾರವಾದ ಚಕ್ರ ಅಪರಿಚಿತವೇನಲ್ಲ. ಅದೇ ಫ್ಲೈವೀಲ್. ನಾಲ್ಕು ಹೊಡೆತಗಳ ಒಂಟಿ ಸಿಲಿಂಡರ್ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಬಲ ನೀಡುತ್ತದೆ. ಉಳಿದ ವೇಳೆ ಅದನ್ನು ನಿಲ್ಲಗೊಡದೆ ನಡೆಸುವುದು ಈ ಚಕ್ರವೇ. ಮೂರು ಸಿಲಿಂಡರುಗಳ ಮಾರುತಿ 800ರಲ್ಲಿ ಅದೇ ಎರಡು ಸುತ್ತಿಗೆ ಮೂರು ಬಾರಿ ಬಲ ದೊರೆಯುವುದರಿಂದ ಅಷ್ಟು ಭಾರ ಬೇಕಿಲ್ಲ.

ಹಳೆಯ ಕಾರಿನ ತೂಕವಿಳಿಸಿ ಸಜ್ಜುಗೊಳಿಸುವ ತರುಣರು ಈ ಚಕ್ರವನ್ನೂ ಹಗುರಗೊಳಿಸಬಯಸುವುದು ಸಹಜ. ಅದರಿಂದ ಎಂಜಿನ್ನಿನ ಶಕ್ತಿ ಹೆಚ್ಚದು; ವೇಗವೇರುವ ಚುರುಕು ಹೆಚ್ಚೀತು, ಅದೂ ಮುಖ್ಯವಾಗಿ ಕೆಳ ಗೇರುಗಳಲ್ಲಿ. ಇಲ್ಲಿ ಅಂಚಿನ ಭಾರವೇ ಪ್ರಧಾನ: ಕೇಂದ್ರದಿಂದ ದೂರ ಇಮ್ಮಡಿಯಾದರೆ ಅದೇ ತೂಕದ ಪ್ರಭಾವ ನಾಲ್ಮಡಿಯಾಗುತ್ತದೆ. ಆದರೆ ಹಗುರವು ಮಿತಿಮೀರಿದರೆ ಕಾರು ನಿಂತಾಗ ಎಂಜಿನ್ ನಡುಗುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಏರಿನಲ್ಲಿ ಹೊರಡುವಾಗ ನಿಂತೇ ಹೋಗಬಹುದು.

1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ ಲೇತ್ ಯಂತ್ರಗಳಿಗೆ ಹೆಸರಾದ ಹರಿಹರ ನಮ್ಮ ನೆರೆಯಲ್ಲೇ ಇದೆ. ಹಾಗೆಂದು ಬೀಡುಕಬ್ಬಿಣದ ಚಕ್ರವನ್ನು ಲೇತಿಗೆ ಕೊಟ್ಟು ಮನಬಂದಂತೆ ಸವೆಸಬಾರದು. ತೆಳುವಾದ ಬೀಡು ವೇಗದಲ್ಲಿ ಸಿಡಿದರೆ ಚಾಲಕನ ಕಾಲಿಗೇ ಅಪಾಯ. ಆ ಎಂಜಿನ್ನಿಗೆಂದೇ ತಯಾರಾದ ಉಕ್ಕಿನ ಚಕ್ರವನ್ನು ಸಮತೋಲನ ಪರೀಕ್ಷಿಸಿ ಜೋಡಿಸುವುದು ಕ್ಷೇಮಕರ. ಸಂಸಾರಕ್ಕೆ ಬಳಸುವ ಕಾರಿಗಾದರೆ ಮೂಲ ಚಕ್ರವೇ ಇರಲಿ ಎಂಬುದು ನಮ್ಮ ಅಭಿಮತ. ಕಾಯಕದ ಉತ್ಸಾಹದೊಡನೆ ವಿವೇಕವೂ ಕೂಡಿರಲಿ.