ಎರಡೂವರೆ ಇಂಚು, ಮೂರೂವರೆ ಇಂಚು

7 ಇಂಚು ಅಗಲ, 9 ಇಂಚು ಉದ್ದದ ಹಳೆಯ ಲಗ್ನಪತ್ರಿಕೆಯೊಂದು ನನ್ನ ಮುಂದಿದೆ. ಆ ಮದುಮಕ್ಕಳ ಮಗಳು ಈಗ ಹೈಸ್ಕೂಲಿನಲ್ಲಿ ಓದುತ್ತಾಳೆ. ಪತ್ರಿಕೆ ಮಾತ್ರ ಇಷ್ಟು ವರ್ಷ ಬೀರುವಿನ ಕೆಳಖಾನೆಯಲ್ಲೇ ಉಳಿದಿತ್ತು. ಮೂಲೆಗೆ ಹಚ್ಚಿದ ಅರಿಸಿನ ಇನ್ನೂ ಮಾಸಿಲ್ಲ, ಕಾಗದ ರಟ್ಟಿನಷ್ಟು ಗಟ್ಟಿ. ಇದರಿಂದ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಕಾರ್ಡುಗಳನ್ನು ಕತ್ತರಿಸಬೇಕು. ನಿಲ್ಲಿಸಿ ಅಳೆದರೆ ನಾಲ್ಕೇ ಕಾರ್ಡು ಸಿಗುತ್ತವೆ. ಮಲಗಿಸಿ ಅಳೆದರೆ ಆರು! ಜೊತೆಗೆ ಒಂದೂವರೆ ಇಂಚಿನ ಒಂದು ಪಟ್ಟಿ ಉಳಿಯುತ್ತದೆ. ಆ ಪಟ್ಟಿಯಲ್ಲಿ ಬೆಳ್ಳಿಬಣ್ಣದ ಮಾವಿನಕಾಯಿ ಬಳ್ಳಿ ಇದೆ. ಅದನ್ನು ಡಬ್ಬಿಗೆ ಹಾಕಿಟ್ಟುಕೊಂಡೆ. ಇನ್ಯಾವುದೋ ಕಾರ್ಡಿನ ಅಂಚಿಗೆ ಬೇಕಾಗುತ್ತದೆ.

ಈ ಅಳತೆ ನಾನು ಕಂಡುಕೊಂಡದ್ದಲ್ಲ. 64 ಮಿಲಿಮೀಟರ್ ಅಗಲ, 89 ಮಿಲಿಮೀಟರ್ ಉದ್ದದ ಪುಟ್ಟ ಚಿತ್ರಗಳನ್ನು ಕೈಯಾರೆ ಮಾಡಿ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವ ಪದ್ಧತಿ ಲೋಕದ ಎಷ್ಟೋ ಊರುಗಳಲ್ಲಿದೆ. ಇವಕ್ಕೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಅಂತ ಹೆಸರು, ಮಾಡುವವರ ಬಾಯಲ್ಲಿ ಎ.ಟಿ.ಸಿ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಕಲಾವಿದ ಎಂ. ವೆನ್ಚಿ ಸ್ಟಿರ್ನೆಮಾನ್ ಇದನ್ನು ಶುರು ಮಾಡಿದವರು. 1997ರಲ್ಲಿ ಅವರು ತಾವೇ ಮಾಡಿದ 1200 ಕಾರ್ಡುಗಳನ್ನು ಪ್ರದರ್ಶನಕ್ಕಿಟ್ಟರು. ನೋಡಲು ಬಂದವರಿಗೆ ಅವು ಬೇಕೆನಿಸಿದರೆ ದುಡ್ಡು ಕೊಟ್ಟು ಒಯ್ಯುವಂತಿರಲಿಲ್ಲ. ಅದೇ ಅಳತೆಯಲ್ಲಿ ತಾವೂ ಒಂದು ಕಾರ್ಡು ಮಾಡಿ ತಂದು ಬದಲಾಯಿಸಿಕೊಳ್ಳಬೇಕಿತ್ತು. ಅದೇ ವರ್ಷ ಕೆನಡಾದ ಕಲಾವಿದ ಡಾನ್ ಮೇಬಿ ಈ ಪದ್ಧತಿಯನ್ನು ಕ್ಯಾಲ್ಗರಿಗೆ ಕೊಂಡೊಯ್ದರು. ಅಲ್ಲಿಂದ ಮುಂದೆ ಅದು ಊರಿಂದೂರಿಗೆ ಹಬ್ಬಿತು.

ಅಳತೆ ಬಂದದ್ದು ಆಟಗಾರರ ಚಿತ್ರವಿರುವ ಕಾರ್ಡುಗಳಿಂದ. ಅಮೆರಿಕದ ಟಾಪ್ಸ್ ಕಂಪನಿ 1957ರಲ್ಲಿ ತನ್ನ ಬೇಸ್‌ಬಾಲ್ ಕಾರ್ಡುಗಳನ್ನು ಈ ಗಾತ್ರಕ್ಕೆ ತಂದಿತು, ಆಮೇಲೆ ಉಳಿದವರೂ ಅದನ್ನೇ ಹಿಡಿದರು. ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳನ್ನು, ಬೆಂಕಿಪೊಟ್ಟಣದ ಲೇಬಲ್ಲುಗಳನ್ನು ಕೂಡಿಸಿಟ್ಟು, ಎರಡಿದ್ದರೆ ಒಂದನ್ನು ಗೆಳೆಯನಿಗೆ ಕೊಟ್ಟು ನಮ್ಮಲ್ಲಿಲ್ಲದ್ದನ್ನು ಇಸಿದುಕೊಳ್ಳುತ್ತಿದ್ದ ನಮ್ಮ ತಲೆಮಾರಿಗೆ ಇದರ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಯಮ ಎರಡೇ ಎರಡು: ಅಳತೆ ತಪ್ಪಬಾರದು, ಮಾರಬಾರದು. ಕಾರ್ಡಿನ ಬೆನ್ನಿಗೆ ಮಾಡಿದವರ ಹೆಸರು, ಊರು, ತಾರೀಖು ಬರೆಯುತ್ತಾರೆ. ಒಂದೇ ಬಗೆಯ ಒಂಬತ್ತು ಮಾಡಿದ್ದರೆ ಇದು ಎಷ್ಟನೆಯದು ಎಂಬ ಸಂಖ್ಯೆಯೂ ಇರುತ್ತದೆ. ಇದೇ ಗಾತ್ರದ ಕಾರ್ಡುಗಳನ್ನು ಮಾರುವ ಕಲಾವಿದರೂ ಇದ್ದಾರೆ, ಅವುಗಳನ್ನು ಎ.ಸಿ.ಇ.ಒ. ಎಂದು ಬೇರೆ ಹೆಸರಿನಿಂದಲೇ ಕರೆಯುತ್ತಾರೆ. ಕಲಾವಿದರಿಗೆ ನಾಲ್ಕು ಕಾಸು ಸಿಗುವುದು ಒಳ್ಳೆಯದೇ. ಆದರೆ ನನ್ನ ಮನಸ್ಸು ನಿಂತಿರುವುದು ಮಾರದ ಕಾರ್ಡುಗಳ ಮೇಲೆ. ಅದಕ್ಕೆ ಕಾರಣ ನನ್ನ ಡಬ್ಬಿಯಲ್ಲಿರುವ ಚೂರುಗಳು.

ಈಗ ಅಂಗಡಿಗೆ ಹೋದರೆ ಕ್ರಾಫ್ಟ್ ಸಾಮಾನು ಬೇಕಾದಷ್ಟು ಸಿಗುತ್ತದೆ. ಮೊದಲೇ ಕತ್ತರಿಸಿದ ಹೂವು, ಮೊದಲೇ ಅಂಟು ಹಚ್ಚಿದ ಮುತ್ತು, ಹಳೆಯದರಂತೆ ಕಾಣಲೆಂದೇ ಕಂದುಬಣ್ಣ ಹಚ್ಚಿದ ಹೊಸ ಕಾಗದ. ನಾನೂ ಶುರುವಿನಲ್ಲಿ ತಂದಿದ್ದೆ. ಆ ಕಾರ್ಡುಗಳು ಚೆಂದ ಕಂಡವು, ಆದರೆ ಅವನ್ನು ಯಾರೂ ಎರಡನೇ ಸಲ ಕೈಗೆತ್ತಿಕೊಳ್ಳಲಿಲ್ಲ. ಒಂದು ದಿನ ಅಮ್ಮನ ಸವೆದ ಇಳಕಲ್ ಸೀರೆಯ ಸೆರಗಿನಿಂದ ಹೆಬ್ಬೆರಳಗಲದ ಚೂರು ತೆಗೆದು ಅಂಟಿಸಿದೆ. ಆ ಕಾರ್ಡು ಕೈಯಿಂದ ಕೈಗೆ ತಿರುಗಿತು. ಎಲ್ಲರೂ ಆ ಬಟ್ಟೆಯ ಮೇಲೆ ಬೆರಳಾಡಿಸಿದರು, ಪ್ರತಿಯೊಬ್ಬರೂ ತಮ್ಮ ತಾಯಿಯ ಸೀರೆಯ ಮಾತು ತೆಗೆದರು. ಬೆಲೆ ಕಟ್ಟಲಾಗದ ಚೂರನ್ನು ಮಾರುವುದಾದರೂ ಹೇಗೆ? ಕೊಡಬಹುದು, ಅಷ್ಟೆ.

ಬೇಡವಾದದ್ದರಿಂದ ಚಿತ್ರ ಮಾಡುವುದಕ್ಕೆ ದೊಡ್ಡ ಪರಂಪರೆಯೇ ಇದೆ. ಮೊದಲ ಮಹಾಯುದ್ಧದಲ್ಲಿ ಸೋತು ನುಚ್ಚುನೂರಾಗಿದ್ದ ಜರ್ಮನಿಯ ಹ್ಯಾನೋವರ್‌ನಲ್ಲಿ ಕುರ್ಟ್ ಶ್ವಿಟರ್ಸ್ ಎಂಬ ಕಲಾವಿದರಿದ್ದರು. 1919ರಲ್ಲಿ ಅವರು ಟ್ರಾಮ್ ಟಿಕೆಟು, ಮಿಠಾಯಿ ಸುತ್ತಿದ ಕಾಗದ, ಜಾಹೀರಾತಿನ ತುಂಡುಗಳನ್ನೆಲ್ಲ ಆಯ್ದು ತಂದು ಚಿತ್ರ ಕಟ್ಟತೊಡಗಿದರು. ಅದಕ್ಕೆ ಕೊಟ್ಟ ಹೆಸರು ‘ಮೆರ್ಟ್ಸ್’. ‘ಕೊಮೆರ್ಟ್ಸ್’, ಅಂದರೆ ವ್ಯಾಪಾರ ಎಂಬ ಅಚ್ಚಾದ ಪದವನ್ನು ಕತ್ತರಿಸಿದಾಗ ಉಳಿದ ಚೂರು ಅದು. ಹೆಸರನ್ನೂ ಚೂರಿನಿಂದಲೇ ಮಾಡಿಕೊಂಡ ಮನುಷ್ಯ! ನಾತ್ಸಿಗಳು ಅವರ ಕಲೆಯನ್ನು ಹೀನವೆಂದು ಹಳಿದರು, ಅವರು ದೇಶ ಬಿಡಬೇಕಾಯಿತು. 1940ರಲ್ಲಿ ಬ್ರಿಟನ್ನಿನವರು ಅವರನ್ನು ಶತ್ರುದೇಶದವರೆಂದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ಬೇರೇನೂ ಸಿಗದಿದ್ದಾಗ ಊಟದಲ್ಲಿ ಮಿಕ್ಕ ಓಟ್ಸ್ ಗಂಜಿಯನ್ನು ಕೂಡಿಸಿ ಶಿಲ್ಪ ಮಾಡಿದರು. ಗಂಜಿಗೆ ಬೂಷ್ಟು ಬಂದು ನಾರಿತಂತೆ. ಆದರೂ ಅವರು ಬಿಡಲಿಲ್ಲ.

ನಮ್ಮ ಕಡೆಯೂ ಇಂಥ ಕೈಗಳಿಗೆ ಕೊರತೆಯಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಮುದ್ರಿತ ಪಟಗಳು ಮನೆಮನೆಗೂ ಬಂದವು. ಎಷ್ಟೋ ಮನೆಗಳಲ್ಲಿ ಆ ಪಟಕ್ಕೆ ನಿಜವಾದ ಬಟ್ಟೆ ಅಂಟಿಸಿ, ಜರಿ ಹೊಲಿದು, ಚಮಕಿ ಮತ್ತು ಮಣಿಗಳನ್ನಿಟ್ಟು ದೇವಿಗೆ ಸೀರೆ ಉಡಿಸಿದರು. ಅಚ್ಚಿನಿಂದ ಒಂದೇ ಥರ ಬಂದ ಪಟ ಮನೆಯ ಸೂಜಿ ತಾಗಿದ ಮೇಲೆ ಆ ಮನೆಯದೇ ಆಗಿಬಿಡುತ್ತಿತ್ತು. ಕಾಗದದ ಮೇಲೆ ಬಟ್ಟೆ ಹೊಲಿಯುವಾಗಲೆಲ್ಲ ನನಗೆ ಆ ಹೆಂಗಸರ ನೆನಪು. ಇನ್ನು ಅಂಗೈಯಗಲದ ಚಿತ್ರವೆಂದರೆ ಮೈಸೂರಿನವರಿಗೆ ಗಂಜೀಫಾ ಇದ್ದೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಎಲೆಯಾಟಗಳ ವಿವರವೇ ಇದೆ. ಆ ಎಲೆಗಳ ಮೇಲಿನ ದೇವತೆಯ ಕಣ್ಣು ಸಾಸಿವೆಯಷ್ಟಿದ್ದರೂ ನೋಟ ತಪ್ಪುವುದಿಲ್ಲ. ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು ಆ ಕಲೆಯನ್ನು ನಮ್ಮ ಕಾಲಕ್ಕೆ ಮರಳಿ ತಂದವರು.

ನನಗೆ ಮಾತ್ರ ಚೂರು ಕೂಡಿಸುವ ಮೊದಲ ಪಾಠವಾದದ್ದು ಧಾರವಾಡದಲ್ಲಿ, ಅಜ್ಜಿಯ ಕೌದಿಯ ಮುಂದೆ. ಹಳೆಯ ಸೀರೆ, ಧೋತರ, ಅಂಗಿಗಳ ಚೂರುಗಳೆಲ್ಲ ಒಂದು ಕಬ್ಬಿಣದ ಟ್ರಂಕಿನಲ್ಲಿ ಇರುತ್ತಿದ್ದವು. ಬೇಸಿಗೆಯಲ್ಲಿ ಓಣಿಯ ನಾಲ್ಕು ಹೆಣ್ಣುಮಕ್ಕಳು ಕೂಡಿ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಕೂತರೆ ದಾರದ ಹೊಲಿಗೆ ಇರುವೆ ಸಾಲಿನಂತೆ ಸಾಗುತ್ತಿತ್ತು. ನಾನು ಯಾವುದೋ ಚೂರನ್ನು ಬದಿಗಿಟ್ಟರೆ ಅಜ್ಜಿ ತಡೆಯುತ್ತಿದ್ದಳು. “ಆ ಗುಲಾಬಿ ಚೂರು ನಿನ್ನ ಜಾವಳದಾಗಿನ ಅಂಗೀದವಾ, ಒಗಿಬ್ಯಾಡ. ಅದನ್ನ ನಡುವ ಹಚ್ಚೂನು.” ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಿ ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ‘ಫೂಲ’ ಎಂಬ ಪುಟ್ಟ ಚೂರನ್ನು ಮಡಚಿ ಹಚ್ಚುತ್ತಾರೆ. ಅದಿಲ್ಲದಿದ್ದರೆ ಕವಂದಿ ಬತ್ತಲೆ ಎಂದೇ ಅವರ ಲೆಕ್ಕ. ಇದನ್ನು ತಿಳಿದ ದಿನದಿಂದ ನನ್ನ ಕಾರ್ಡಿನ ಒಂದು ಮೂಲೆಯನ್ನಾದರೂ ಬರಿದಾಗಿ ಬಿಡಲು ಕೈ ಬರುವುದಿಲ್ಲ.

ಕೆಲಸದ ಮಾತಿಗೆ ಬರೋಣ. ಎ-4 ಹಾಳೆಯಷ್ಟಿರುವ ರಟ್ಟಿನಲ್ಲಿ ಒಂಬತ್ತು ಕಾರ್ಡು ಬರುತ್ತವೆ. ಸೆಟ್ಟು ಮುರಿದ ಇಸ್ಪೀಟ್ ಎಲೆಗಳಿದ್ದರೆ ಅಳೆದು ನೋಡಿ, ಕೆಲವು ಸರಿಯಾಗಿ ಇದೇ ಗಾತ್ರದವು, ಕತ್ತರಿಯೇ ಬೇಡ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ನಿಕೊಲಸ್ ಹಿಲಿಯಾರ್ಡ್ ರಾಣಿಯ, ಆಸ್ಥಾನಿಕರ ಪುಟ್ಟ ಭಾವಚಿತ್ರಗಳನ್ನು ತೆಳು ಚರ್ಮದ ಮೇಲೆ ಬರೆದು ಅದರ ಬೆನ್ನಿಗೆ ಇಸ್ಪೀಟ್ ಎಲೆಯನ್ನೇ ಅಂಟಿಸುತ್ತಿದ್ದ. ಇಂದಿಗೂ ಅಂಥ ಚಿತ್ರಗಳನ್ನು ಮಗುಚಿದರೆ ಹಿಂದೆ ಎಲೆಯ ಗುರುತುಗಳು ಕಾಣುತ್ತವೆ. ಆದರೆ ಎಲೆಯ ಮೇಲಿನ ನುಣುಪು ಅಂಟನ್ನು ಹಿಡಿಯುವುದಿಲ್ಲ. ನಯವಾದ ಸ್ಯಾಂಡ್‌ಪೇಪರಿನಿಂದ ಎರಡು ಸಲ ಉಜ್ಜಿ ಒರಸಿ ಆಮೇಲೆ ಅಂಟಿಸಬೇಕು. ಲಗ್ನಪತ್ರಿಕೆಯ ಮಿರುಗುವ ಭಾಗಕ್ಕೂ ಇದೇ ಉಪಾಯ.

ಬಟ್ಟೆಯ ಚೂರನ್ನು ಹಾಗೇ ಕತ್ತರಿಸಿದರೆ ಎಳೆ ಬಿಡುತ್ತದೆ. ಮೊದಲು ತೆಳ್ಳನೆಯ ಕಾಗದಕ್ಕೆ ಅಂಟಿಸಿ, ಒಣಗಿದ ಮೇಲೆ ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಅಂಚು ನೆಟ್ಟಗಿರುತ್ತದೆ. ದಿನಪತ್ರಿಕೆಯ ಕಾಗದ ಬೇಗ ಹಳದಿಯಾಗುವುದರಿಂದ ಅದು ಒಳಪದರಕ್ಕೆ ಮಾತ್ರ. ಬಸ್ಸಿನಲ್ಲಿ ಯಂತ್ರ ಕೊಡುವ ಟಿಕೆಟ್ಟಿನ ಅಕ್ಷರ ಬಿಸಿಲಿಗೆ, ಶಾಖಕ್ಕೆ ಅಳಿಸಿಹೋಗುತ್ತದೆ. ಮೊದಲಿನ ಅಚ್ಚು ಹಾಕಿದ ಬಣ್ಣದ ಟಿಕೆಟ್ಟುಗಳು ಯಾರ ಪುಸ್ತಕದೊಳಗಾದರೂ ಸಿಕ್ಕರೆ ಅವು ಬಂಗಾರ.

ಅಂಟಿನ ವಿಷಯದಲ್ಲಿ ನಾನು ಪಾಠ ಕಲಿತದ್ದು ಮೂವತ್ತು ಕಾರ್ಡು ಕಳೆದುಕೊಂಡ ಮೇಲೆ. ಮನೆಯಲ್ಲೇ ಮೈದಾ ಕುದಿಸಿ ಗೋಂದು ಮಾಡಿ, ಕಾರ್ಡುಗಳ ಒಂದೇ ಮಗ್ಗುಲಿಗೆ ಧಾರಾಳವಾಗಿ ಬಳಿದು, ಬಿಸಿಲಿಗೆ ಹರಡಿ ಮಲಗಿದ್ದೆ. ಎದ್ದು ನೋಡಿದರೆ ಎಲ್ಲವೂ ಹಪ್ಪಳದಂತೆ ಸುರುಳಿಕೊಂಡಿದ್ದವು. ತೇವ ಹೀರಿದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ತಾನಿದ್ದ ಕಡೆಗೆ ರಟ್ಟನ್ನು ಎಳೆಯುತ್ತದೆ. ಬೆನ್ನಿಗೂ ಅಷ್ಟೇ ದಪ್ಪದ ಕಾಗದ ಅಂಟಿಸಿ ಭಾರದ ಕೆಳಗೆ ಒಂದು ರಾತ್ರಿ ಇಟ್ಟರೆ ಎರಡೂ ಕಡೆಯ ಎಳೆತ ಸಮವಾಗುತ್ತದೆ. ಸೊಟ್ಟಗಾದರೂ ಇರಲಿ ಎಂದು ಅವನ್ನು ಡಬ್ಬಿಗೆ ತುಂಬಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಹುಳ ತಿಂದಿದ್ದವು. ಬೈಂಡಿಂಗ್ ಮಾಡುವವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವುದು ಇದಕ್ಕೇ. ಅದು ವಿಷ, ಮಕ್ಕಳಿರುವ ಮನೆಗೆ ಬೇಡ. ನೀರು ಬೆರೆಸಿ ತೆಳುಮಾಡಿದ ಫೆವಿಕಾಲ್ ಸಾಕು.

ಆದರೆ ಕಷ್ಟದ ಕೆಲಸ ಅಂಟಿಸುವುದಲ್ಲ, ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವುದು. ಹತ್ತು ಚೂರು ಇಷ್ಟವಾಗುತ್ತವೆ, ಜಾಗ ಮೂರಕ್ಕಿದೆ. ನನಗೆ ನೆರವಾಗುವುದು ಒಂದು ರಟ್ಟಿನ ಕಿಟಕಿ. ರಟ್ಟಿನ ನಡುವೆ ಕಾರ್ಡಿನ ಅಳತೆಯ ಕಂಡಿ ಕೊರೆದು ಅದನ್ನು ಹಳೆಯ ಕ್ಯಾಲೆಂಡರಿನ ಮೇಲೆ, ಮಾಸಿದ ಸೀರೆಯ ಮೇಲೆ ನಿಧಾನ ಜರುಗಿಸುತ್ತೇನೆ. ದೊಡ್ಡ ಚಿತ್ರದಲ್ಲಿ ಎಂದೂ ಕಾಣದಿದ್ದದ್ದು ಕಂಡಿಯೊಳಗೆ ಬಂದು ನಿಲ್ಲುತ್ತದೆ. ಕೃಷ್ಣನ ಪಟದಲ್ಲಿ ಹಸುವಿನ ಕಿವಿ ಮತ್ತು ಅದರ ಹಿಂದಿನ ಸಂಜೆಯ ಆಕಾಶ. ಸೀರೆಯಲ್ಲಿ ನೇಯ್ಗೆ ತಪ್ಪಿ ಒಂದು ಕೆಂಪೆಳೆ ಅಡ್ಡದಾರಿ ಹಿಡಿದ ಜಾಗ. ಅಲ್ಲಿಗೆ ಪೆನ್ಸಿಲಿನಿಂದ ಗುರುತು ಮಾಡಿದರೆ ಅರ್ಧ ಕಾರ್ಡು ಆದಂತೆಯೇ.

ಚೂರುಗಳಿಗಾಗಿ ನಾನು ಹೋಗುವುದು ನಮ್ಮ ಬೀದಿಯ ಟೇಲರ್ ಹತ್ತಿರ. ಫಾಲಿನ ತುಂಡು, ಕಾಲರಿಗೆ ಹಾಕುವ ಕ್ಯಾನ್ವಾಸು, ಲೈನಿಂಗ್ ಬಟ್ಟೆ, ಬ್ಲೌಸಿನ ಕಂಕುಳು ಕತ್ತರಿಸಿದಾಗ ಬೀಳುವ ಅರ್ಧಚಂದ್ರದ ಚೂರುಗಳು, ಎಲ್ಲವನ್ನೂ ಅವರು ಒಂದು ಚೀಲದಲ್ಲಿ ತೆಗೆದಿಡುತ್ತಾರೆ. ಎರಡು ವರ್ಷ ಏನೂ ಕೇಳಿರಲಿಲ್ಲ. ಒಂದು ದಿನ ಮೆಷಿನ್ ನಿಲ್ಲಿಸಿ ಕೇಳಿದರು: “ಇದನ್ನೆಲ್ಲ ತಗೊಂಡೋಗಿ ಏನು ಮಾಡ್ತೀರಕ್ಕ?”

ಪರ್ಸಿನಲ್ಲಿದ್ದ ಕಾರ್ಡೊಂದನ್ನು ತೆಗೆದು ಕೊಟ್ಟೆ. ಅವರೇ ಕೊಟ್ಟಿದ್ದ ನೀಲಿ ಚೂರಿನಿಂದ ಮಾಡಿದ ಕೆರೆ, ದಡದಲ್ಲಿ ಫಾಲಿನ ಹುಲ್ಲು. ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದು ನೋಡಿದರು. “ಈ ಬಟ್ಟೆ ಗೊತ್ತು ನನಗೆ. ಯಾರ ಬ್ಲೌಸು ಅಂತಾನೂ ಹೇಳ್ತೀನಿ.” ಇಟ್ಟುಕೊಳ್ಳಿ ಅಣ್ಣ, ಆದರೆ ಬದಲಿಗೆ ಇದೇ ಅಳತೇಲಿ ನೀವೂ ಒಂದು ಮಾಡಿಕೊಡಬೇಕು ಅಂದೆ. ನಗುತ್ತ ಟೇಪು ತೆಗೆದು ಅಳೆದುಕೊಂಡರು.

ಹದಿನೈದು ದಿನ ಕಳೆದ ಮೇಲೆ ಚೀಲದ ಜೊತೆ ಒಂದು ಲಕೋಟೆಯೂ ಇತ್ತು. ಒಳಗೆ ಗಟ್ಟಿ ಕ್ಯಾನ್ವಾಸಿನ ಕಾರ್ಡು. ಅದರ ಮೇಲೆ ಶಾಲೆಯ ಸಮವಸ್ತ್ರದ ಖಾಕಿ, ನಡುವೆ ಅರ್ಧ ಹೊಲಿದ ಒಂದು ಜೇಬು, ಜೇಬಿನಿಂದ ಇಣುಕುವ ಅಳತೆ ಟೇಪಿನ ಒಂದಿಂಚು ತುಂಡು. ಮೂಲೆಯಲ್ಲಿ ಚಾಕಿನ ಗುರುತನ್ನು ಅಳಿಸದೆ ಹಾಗೇ ಬಿಟ್ಟಿದ್ದರು. ನನ್ನ ಯಾವ ಕಾರ್ಡಿನ ಅಂಚೂ ಅಷ್ಟು ನೆಟ್ಟಗಿಲ್ಲ. ಬೆನ್ನಿಗೆ ಹೆಸರು, ತಾರೀಖು, ಸಂಖ್ಯೆ ಬರೆಯಬೇಕೆಂದು ಹೇಳಿದ್ದೆ. ಅವರು ತಮ್ಮ ಬಿಲ್ ಪುಸ್ತಕದ ಒಂದು ಚೀಟಿಯನ್ನೇ ಅಂಟಿಸಿದ್ದರು. ಗಿರಾಕಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು, ಕೊಡುವ ದಿನದ ಜಾಗದಲ್ಲಿ ಅಂದಿನ ತಾರೀಖು, ಮೊತ್ತದ ಜಾಗ ಖಾಲಿ. ಮೇಲ್ತುದಿಗೆ, ಎಲ್ಲ ಬಿಲ್ಲಿಗೂ ಹಾಕುವಂತೆ, ಬಟ್ಟೆಯ ಸ್ಯಾಂಪಲ್ಲಿನ ಒಂದು ಚೂರನ್ನು ಪಿನ್ನು ಹೊಡೆದಿದ್ದರು. ಅದೇ ನೀಲಿ.