ಮೊದಲ ಸಾಲಿಗೆ ಯಾವ ಬ್ರಾಂಚ್?

ಸಿಇಟಿ ರ‍್ಯಾಂಕ್ ಬಂದ ವಾರ ಕೊಪ್ಪಳ ಜಿಲ್ಲೆಯ ನವಲಿಯಂಥ ಊರಿನಲ್ಲಿ ಸಲಹೆಗೆ ಬರವಿಲ್ಲ. ‘ಸಿಎಸ್ಸೇ ಹಾಕು, ಬ್ಯಾರೆ ವಿಚಾರ ಮಾಡಬ್ಯಾಡ’ ಅನ್ನುತ್ತಾನೆ ಬೆಂಗಳೂರಿನಲ್ಲಿರುವ ಮಾವನ ಮಗ. ‘ಸಿವಿಲ್ ಮಾಡಿದ್ರ ಸರ್ಕಾರಿ ನೌಕರಿ ಐತಿ’ ಅನ್ನುತ್ತಾರೆ ಕಾಕಾ. ಸೀಟು ಹಿಡಿಯಬೇಕಾದ ಹುಡುಗಿಗೆ ಎರಡೂ ಸರಿ ಎನಿಸುತ್ತದೆ, ಎರಡರ ಮೇಲೂ ಮನಸ್ಸು ನಿಲ್ಲುವುದಿಲ್ಲ.

ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಮೊದಲು ಎಂಜಿನಿಯರಿಂಗ್‌ಗೆ ಸೇರಿ, ವರ್ಷ ಕಳೆದ ಮೇಲೆ ವಿಭಾಗ ಆರಿಸಿಕೊಳ್ಳಬಹುದು. ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿಯಲ್ಲಿ ಆ ಸೌಕರ್ಯವಿಲ್ಲ. ಕಾಲೇಜು, ಬ್ರಾಂಚ್ ಎರಡೂ ಸೇರಿ ಒಂದು ಸಾಲು. ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಮೂಲ ವಿಷಯಗಳಲ್ಲೇ ಹೆಚ್ಚಾಗಿ ಕಳೆಯುತ್ತದೆ, ನಿಜ. ಆದರೆ ಬ್ರಾಂಚ್ ಬದಲಿಸಲು ಆ ಬ್ರಾಂಚಿನಲ್ಲಿ ಸೀಟು ಖಾಲಿ ಇರಬೇಕು. ಎಲ್ಲರೂ ಮುಗಿಬೀಳುವ ಕಂಪ್ಯೂಟರ್ ಸೈನ್ಸ್‌ನಲ್ಲಿ ಅದನ್ನು ನೆಚ್ಚಿ ಕೂರುವಂತಿಲ್ಲ.

ಕೊಪ್ಪಳ ಜಿಲ್ಲೆಯ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ಇಲ್ಲಿನವರಿಗೆ ಮೀಸಲು. ಹಾಗಾಗಿ ಬಳ್ಳಾರಿ, ರಾಯಚೂರು, ಕಲಬುರಗಿಯಲ್ಲಿ ಒಳ್ಳೆಯ ಬ್ರಾಂಚ್ ಸಿಗುವ ರ‍್ಯಾಂಕಿಗೆ ಬೆಂಗಳೂರಿನ ಯುವಿಸಿಇಯಲ್ಲಿ ಬೇರೊಂದು ಬ್ರಾಂಚ್ ಸಿಗಬಹುದು, ಏನೂ ಸಿಗದೆಯೂ ಇರಬಹುದು. ತಳಕಲ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಂತೂ ಜಿಲ್ಲೆಯೊಳಗೇ ಇದೆ. ಹಾಸ್ಟೆಲ್, ಊಟದ ಖರ್ಚು ಉಳಿದರೆ ಅದು ಹೊಲದ ಆದಾಯವನ್ನೇ ನಂಬಿದ ಮನೆಗೆ ಸಣ್ಣ ಮಾತಲ್ಲ.

ಮನಸ್ಸು ಗಟ್ಟಿಯಾಗದವರು ಸುತ್ತಲಿನ ಕೆಲಸಗಳನ್ನಾದರೂ ಒಮ್ಮೆ ನೋಡಬೇಕು ಎಂದು ನನಗನ್ನಿಸುತ್ತದೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಉಕ್ಕಿನ ತಡೆಯಾದ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಅದು ಉಕ್ಕಿನ ಕೆಲಸ, ಕ್ರೇನಿನ ಕೆಲಸ, ನೀರಿನ ಒತ್ತಡದ ಲೆಕ್ಕ; ಸಿವಿಲ್ ಎಲ್ಲಿ ಮುಗಿದು ಮೆಕ್ಯಾನಿಕಲ್ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಹೂಳು ತುಂಬಿ 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದ ಜಲಾಶಯಕ್ಕೆ ಪೂರಕವಾಗಿ ನವಲಿಯಲ್ಲೇ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ವರ್ಷಗಳಿಂದ ಓಡಾಡುತ್ತಿದೆ. ಕುಷ್ಟಗಿ ಕಡೆ ಹೋದರೆ ಗಾಳಿಯಂತ್ರಗಳು. ಅಲ್ಲಿ ಎಲೆಕ್ಟ್ರಿಕಲ್‌ನವರಿಗೂ ಮೆಕ್ಯಾನಿಕಲ್‌ನವರಿಗೂ ಕೆಲಸ. ಗಂಗಾವತಿಯ ಅಕ್ಕಿ ಗಿರಣಿಗಳನ್ನು ನೋಡಿ ಕೃಷಿ ಎಂಜಿನಿಯರಿಂಗ್ ನೆನಪಾದರೆ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಅದರ ಪದವಿಯೇ ಇದೆ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಬೇರೆ.

ಇಷ್ಟಾಗಿಯೂ ಗೊಂದಲ ಉಳಿದರೆ? ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್‌ನಂಥ ಅಗಲವಾದ ಬ್ರಾಂಚುಗಳನ್ನು ಮೇಲಿಡಿ ಎನ್ನುತ್ತೇನೆ. ಹೆಸರಿನಲ್ಲೇ ನಾಲ್ಕು ಹೊಸ ಪದ ಪೋಣಿಸಿಕೊಂಡ ಬ್ರಾಂಚುಗಳು ಕಾಯಲಿ. ಅಗಲವಾದ ಬ್ರಾಂಚುಗಳಿಂದ ಸಾಫ್ಟ್‌ವೇರಿಗೆ ಹೋದವರು ಬೇಕಾದಷ್ಟು ಮಂದಿ ಇದ್ದಾರೆ. ಗೇಟ್ ಪರೀಕ್ಷೆ ಬರೆದು ಎಂ.ಟೆಕ್‌ನಲ್ಲಿ ದಾರಿ ಬದಲಿಸಲೂ ಬರುತ್ತದೆ.

ಪಟ್ಟಿ ಬರೆಯುವಾಗ ಹಲವರು ಹೋದ ವರ್ಷದ ಕಟ್‌ಆಫ್ ನೋಡಿ ‘ಸಿಗುವಂಥದ್ದನ್ನೇ ಮೊದಲು ಹಾಕೋಣ’ ಎನ್ನುತ್ತಾರೆ. ಅದು ತಪ್ಪು. ಹಂಚಿಕೆ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತ ಬರುತ್ತದೆ. ಸಿಗದ ಸೀಟು ಮೇಲಿದ್ದರೆ ನಷ್ಟವಿಲ್ಲ. ಬೇಡವಾದದ್ದು ಮೇಲಿದ್ದರೆ ಅದೇ ಕೈಗೆ ಬಂದು, ಕೆಳಗಿನ ಆಸೆ ಅಲ್ಲಿಗೇ ನಿಲ್ಲುತ್ತದೆ. ಅಣಕು ಸೀಟು ಹಂಚಿಕೆ ಇರುವುದು ಇಂಥ ಎಡವಟ್ಟನ್ನು ಮೊದಲೇ ಕಂಡುಕೊಳ್ಳಲೆಂದೇ. ನಿಜವಾದ ಸುತ್ತಿನಲ್ಲಿ ಸಿಕ್ಕ ಸೀಟು ಸುಮಾರಾಗಿದ್ದು, ಮೇಲಿನದರ ಮೇಲೆ ಕಣ್ಣಿದ್ದರೆ, ಪ್ರಾಧಿಕಾರ ಕೊಡುವ ಆಯ್ಕೆಗಳಲ್ಲಿ ಚಾಯ್ಸ್ 2 ಒತ್ತಬಹುದು: ಕೈಯಲ್ಲಿರುವುದೂ ಉಳಿಯುತ್ತದೆ, ಮುಂದಿನ ಸುತ್ತೂ ಸಿಗುತ್ತದೆ. ಆದರೆ ಮೇಲಿನದು ಸಿಕ್ಕಿತೆಂದರೆ ಹಳೆಯ ಸೀಟು ತಾನಾಗಿಯೇ ರದ್ದು. ಆದ್ದರಿಂದ ಚಾಯ್ಸ್ 2 ಒತ್ತುವ ಮುನ್ನ ಮೇಲಿನ ಸಾಲುಗಳನ್ನು ಅಪ್ಪ, ಅವ್ವನ ಮುಂದೆ ಜೋರಾಗಿ ಓದಿ. ಯಾವುದಕ್ಕಾದರೂ ‘ಅಲ್ಲಿಗ್ಯಾರು ಹೋಗ್ತಾರ’ ಎಂಬ ಮಾತು ಬಂದರೆ ಆ ಸಾಲು ತೆಗೆದುಬಿಡಿ.