ಈಜುವವರಿಗೆ ರಜೆ, ಮೋಟಾರಿಗಿಲ್ಲ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಂಥ ಕಡೆ ಮನೆಯಂಗಳದಲ್ಲಿ ಈಜುಕೊಳ ಬೇಕೆನ್ನುವವರು ಮೊದಲು ಹಾಕುವುದು ಗುಂಡಿ, ಟೈಲ್ಸು, ಕೂಲಿಯ ಲೆಕ್ಕ. ಅದು ಒಮ್ಮೆ ಕೊಟ್ಟು ಮರೆಯುವ ದುಡ್ಡು. ಮರೆಯಲು ಬಿಡದ ಖರ್ಚು ಕೊಳದ ಪಕ್ಕದ ಗೂಡಿನಲ್ಲಿ ಗುಂಯ್‌ಗುಡುತ್ತಿರುತ್ತದೆ: ಒಂದು ಅಶ್ವಶಕ್ತಿಯ ಮೋಟಾರು, ಅದಕ್ಕೆ ಜೋಡಿಸಿದ ಮರಳಿನ ಫಿಲ್ಟರು.

ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಕೊಳಕ್ಕೆ 40,000 ಲೀಟರ್ ನೀರು ಬೇಕು. ಇದಷ್ಟನ್ನೂ ಮೋಟಾರು ಎಳೆದು, ಮರಳಿನಲ್ಲಿ ಸೋಸಿ, ವಾಪಸು ಬಿಡಬೇಕು. ಯಾರು ಈಜಲಿ, ಬಿಡಲಿ. ದಿನಕ್ಕೆ ಎಂಟು ಗಂಟೆ ಓಡಿದರೆ ಸುಮಾರು 8 ಯೂನಿಟ್, ತಿಂಗಳಿಗೆ 240. ಇದು ಎಷ್ಟು ದೊಡ್ಡ ಸಂಖ್ಯೆ? ತೊರೆಕಾಡನಹಳ್ಳಿಯಿಂದ ಕಾವೇರಿ ನೀರು ಸುಮಾರು 100 ಕಿ.ಮೀ. ಹರಿದು, ಸುಮಾರು 500 ಮೀಟರ್ ಮೇಲೇರಿ ನಗರಕ್ಕೆ ಬರುತ್ತದೆ. 40,000 ಲೀಟರನ್ನು ಅಷ್ಟು ಎತ್ತರಕ್ಕೆ ಎತ್ತಲು ಭೌತಶಾಸ್ತ್ರ ಕೇಳುವುದು 54 ಯೂನಿಟ್. ಪಂಪು, ಕೊಳವೆಗಳ ನಷ್ಟ ಸೇರಿದರೆ ಇನ್ನಷ್ಟು. ಕಾವೇರಿಯನ್ನು ಬೆಟ್ಟ ಹತ್ತಿಸುವ ಈ ಕರೆಂಟನ್ನು ಅಂಗಳದ ಮೋಟಾರು ಒಂದೂವರೆ ವಾರದೊಳಗೆ ನುಂಗುತ್ತದೆ.

ಉಳಿತಾಯಕ್ಕೊಂದು ದಾರಿಯಿದೆ, ಮಾರುವವರು ಅದನ್ನು ತಾವಾಗಿ ಹೇಳುವುದು ಕಡಿಮೆ. ಪಂಪಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಹರಿವು ಅರ್ಧವಾಗುತ್ತದೆ, ಬೇಕಾಗುವ ಶಕ್ತಿ ಮಾತ್ರ ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಎರಡು ಪಟ್ಟು ಹೊತ್ತು ಓಡಿಸಿದರೂ ಲೆಕ್ಕದ ಪ್ರಕಾರ ಕಾಲು ಭಾಗದ ಕರೆಂಟು ಸಾಕು. ಮೋಟಾರಿನ ದಕ್ಷತೆ ತಗ್ಗುವುದರಿಂದ ನಿಜದಲ್ಲಿ ಇಷ್ಟು ಉಳಿಯದು. ಆದರೂ ವೇಗ ಬದಲಿಸಬಲ್ಲ ಪಂಪಿಗೆ ತೆರುವ ಹೆಚ್ಚಿನ ಹಣ ದಂಡವಲ್ಲ.

ಆಮೇಲೆ ಕ್ಲೋರಿನ್. ಸೂಕ್ಷ್ಮಾಣುಗಳನ್ನು ಮುಖ್ಯವಾಗಿ ಕೊಲ್ಲುವುದು ಅದರ ಹೈಪೋಕ್ಲೋರಸ್ ಆಮ್ಲದ ರೂಪ. ನೀರಿನ ಪಿಎಚ್ 7.5 ಇದ್ದಾಗ ಅರ್ಧದಷ್ಟು ಕ್ಲೋರಿನ್ ಆ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ನಾಲ್ಕನೇ ಒಂದಕ್ಕಿಂತ ಕಡಿಮೆ. ಬಿಸಿಲೂ ಅದನ್ನು ಒಡೆಯುತ್ತದೆ. ಮೂಗಿಗೆ ಬಡಿಯುವ 'ಕ್ಲೋರಿನ್ ವಾಸನೆ' ಸ್ವಚ್ಛತೆಯ ಗುರುತೆಂದು ನಂಬಿದವರೇ ಹೆಚ್ಚು. ಅದು ಬೆವರು, ಮೂತ್ರದೊಂದಿಗೆ ಕ್ಲೋರಿನ್ ಬೆರೆತು ಹುಟ್ಟುವ ಕ್ಲೋರಮೈನ್. ಬೋರ್‌ವೆಲ್ಲಿನ ಗಡಸು ನೀರಾದರೆ ಟೈಲ್ಸಿಗೆ ಬಿಳಿ ಸುಣ್ಣದ ಪದರ ಬೇರೆ.

ನೀರೂ ಕರಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ 160 ಲೀಟರ್ ಮಾಯ. ಮರಳನ್ನು ಹಿಮ್ಮುಖವಾಗಿ ತೊಳೆದಾಗಲೆಲ್ಲ ಇನ್ನೂ ಹಲವು ನೂರು ಲೀಟರ್ ಮೋರಿಗೆ. ಬೋರುಗಳು ಬತ್ತಿದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಮಾಡಿತು. ತಡವಾದರೂ ಸರಿಯಾದ ಆದೇಶ.

ಹಾಗೆಂದು ಕೊಳವನ್ನು ಖಾಲಿ ಬಿಡುವುದೂ ಸಲೀಸಲ್ಲ. ಮಳೆಗಾಲದಲ್ಲಿ ನೆಲದಡಿಯ ನೀರು ಏರಿದರೆ, ಒಳಗಿನ 40 ಟನ್ ಭಾರ ಕಳೆದುಕೊಂಡ ತೊಟ್ಟಿಯನ್ನು ಅದು ಮೇಲಕ್ಕೆ ದೂಡಿ ಬಿರುಕು ಬಿಡಿಸಬಲ್ಲದು. ತಳದಲ್ಲಿ ಒತ್ತಡ ಇಳಿಸುವ ವಾಲ್ವ್ ಇಡುತ್ತಾರೆಯೇ ಎಂದು ಗುಂಡಿ ತೋಡುವ ಮೊದಲೇ ಗುತ್ತಿಗೆದಾರರನ್ನು ಕೇಳಿ.